ಯಾರಿಗೆ, ಯಾತಕ್ಕೆ: ಹಳೆಯ ಕಸೂತಿ, ಇವತ್ತಿನ ಉಡುಗೊರೆ

(ವಿರಾಜಪೇಟೆಯಲ್ಲಿ ಹವ್ಯಾಸಕ್ಕೆ ಕಸೂತಿ ಹಾಕುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಹಳೆಯ ಕಸೂತಿಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ, "ಇದನ್ನು ಹಾಕುವುದು ಹೇಗೆ?" ಎಂದು ಕೇಳುವವರು ಜಾಸ್ತಿ. ಅದಕ್ಕೆ ಉತ್ತರ ಹೇಳುವ ಮೊದಲು ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಈ ಬಟ್ಟೆ ಯಾರಿಗಾಗಿ ಇತ್ತು? ಅವರು ಇದನ್ನು ಏನು ಮಾಡುತ್ತಿದ್ದರು? ಮೈಮೇಲೆ ಹಾಕಿಕೊಳ್ಳುತ್ತಿದ್ದರೋ, ತಟ್ಟೆಯ ಮೇಲೆ ಮುಚ್ಚುತ್ತಿದ್ದರೋ, ಮಗುವಿಗೆ ಹೊದಿಸುತ್ತಿದ್ದರೋ? ಅಷ್ಟು ಗೊತ್ತಾದರೆ ಹೊಲಿಗೆ ಅರ್ಧ ಅರ್ಥವಾದ ಹಾಗೆ. ಹಳೆಯ ಹೊಲಿಗೆಗಳು ಹುಟ್ಟಿದ್ದು ಬಳಕೆಯಿಂದ. ಇವತ್ತು ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇರುತ್ತದೆ.

ನಮ್ಮ ರಾಜ್ಯದ ಕಸೂತಿಯಿಂದಲೇ ಶುರು ಮಾಡೋಣ. ಧಾರವಾಡ, ಹುಬ್ಬಳ್ಳಿ ಕಡೆಯ ಹೆಂಗಸರು ಇಳಕಲ್ ಸೀರೆಯ ಮೇಲೆ, ಚಂದ್ರಕಳಿ ಎನ್ನುವ ಕಪ್ಪು ಸೀರೆಯ ಮೇಲೆ ಹಾಕುತ್ತಿದ್ದ ಕೆಲಸ ಅದು. ಅದರಲ್ಲಿ ಮುಖ್ಯವಾಗಿ ನಾಲ್ಕು ಹೊಲಿಗೆ. ಗವಂತಿ, ಮುರ್ಗಿ, ನೇಗಿ, ಮೆಂತಿ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಟ್ರೇಸ್ ಮಾಡುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಪಲ್ಲಕ್ಕಿ, ಆನೆ, ನವಿಲು, ತುಳಸಿಕಟ್ಟೆ ಎಲ್ಲ ಬರುತ್ತವೆ. ಸೆರಗಿನ ಹತ್ತಿರ ದೊಡ್ಡ ಚಿತ್ರಗಳಿರುತ್ತವೆ. ಸೆರಗಿನಿಂದ ದೂರ ಹೋದ ಹಾಗೆ ಚಿತ್ರ ಚಿಕ್ಕದಾಗುತ್ತಾ ಹೋಗುತ್ತದೆ. ಕಣ್ಣಿಗೆ ಬೀಳುವ ಜಾಗದಲ್ಲಿ ದೊಡ್ಡದು, ಮಡಿಕೆಯೊಳಗೆ ಸೇರಿಹೋಗುವ ಜಾಗದಲ್ಲಿ ಚಿಕ್ಕದು. ಉಡುವವರನ್ನು ನೆನೆಸಿಕೊಂಡೇ ಹಾಕಿದ ಲೆಕ್ಕ ಇದು.

ಗವಂತಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದು ಬಂದರೆ ಅರ್ಧ ಪ್ರಪಂಚದ ಹಳೆಯ ಕಸೂತಿ ಕೈಗೆ ಸಿಕ್ಕಿತು. ಮೊದಲ ಸಲ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ, ಹೀಗೆ ಸಾದಾ ಹೊಲಿಗೆ ಹಾಕಿಕೊಂಡು ಹೋಗುತ್ತೇವೆ. ತುದಿ ಮುಟ್ಟಿದ ಮೇಲೆ ವಾಪಸ್ ಬರುತ್ತಾ ಅದೇ ತೂತುಗಳಲ್ಲಿ ಸೂಜಿ ಹಾಕಿ ಬಿಟ್ಟುಹೋದ ಜಾಗ ತುಂಬುತ್ತೇವೆ. ಗೆರೆ ಪೂರ್ತಿಯಾಗುತ್ತದೆ. ಹಿಂಬದಿಯಲ್ಲೂ ಅದೇ ಗೆರೆ ಪೂರ್ತಿಯಾಗಿರುತ್ತದೆ. ಈಗ ನಡುಗೆರೆಯಿಂದ ಪಕ್ಕಕ್ಕೆ ಒಂದು ಕವಲು ಹೊರಡುತ್ತದೆ ಅಂದುಕೊಳ್ಳಿ. ಕವಲಿನ ತುದಿವರೆಗೆ ಹೋಗಿ, ತುಂಬಿಕೊಂಡು ಮತ್ತೆ ನಡುಗೆರೆಗೆ ಬಂದು, ಆಮೇಲೆ ಮುಂದಕ್ಕೆ ಹೋಗಬೇಕು. ಕವಲೊಳಗೆ ಇನ್ನೊಂದು ಕವಲಿದ್ದರೂ ಇದೇ ನಿಯಮ. ಹೀಗೆ ಪ್ರತಿ ಗೆರೆಯ ಮೇಲೂ ಎರಡು ಸಲ ಓಡಾಡುವುದರಿಂದ ಕೊನೆಗೆ ದಾರ ಶುರುವಾದ ಜಾಗಕ್ಕೇ ಬಂದು ನಿಲ್ಲುತ್ತದೆ. ಗಂಟು ಹಾಕುವ ಪ್ರಮೇಯವೇ ಇಲ್ಲ. ಎರಡು ತುದಿಗಳನ್ನೂ ಹೊಲಿಗೆಗಳ ಅಡಿಯಲ್ಲಿ ತೂರಿಸಿಬಿಟ್ಟರೆ ಮುಗಿಯಿತು. ಮುರ್ಗಿಯೂ ಇದೇ ಜಾತಿ. ಗೆರೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ.

ಆದ್ದರಿಂದ ಸೂಜಿ ಹಿಡಿಯುವ ಮೊದಲು ಚೌಕುಳಿ ಕಾಗದದ ಮೇಲೆ ಪೆನ್ಸಿಲ್ ಹಿಡಿದು ದಾರಿ ಹುಡುಕಿಕೊಳ್ಳಬೇಕು. ಹೋಗುವ ದಾರಿ ಯಾವುದು, ಯಾವ ಕವಲಿಗೆ ಯಾವಾಗ ಹೋಗಿಬರುವುದು ಎಂದು ಬಾಣದ ಗುರುತು ಹಾಕಿಕೊಳ್ಳಿ. ನನಗೆ ಈ ಕೆಲಸದಲ್ಲಿ ತುಂಬಾ ಖುಷಿ ಕೊಡುವ ಹೊತ್ತು ಇದೇ. ಒಂದು ತೇರಿನ ಚಿತ್ರಕ್ಕೆ ಸರಿಯಾದ ದಾರಿ ಸಿಕ್ಕಿತೆಂದರೆ, ಅದನ್ನು ಮೊದಲು ಹುಡುಕಿದ ಹೆಂಗಸಿನ ತಲೆ ಹೇಗೆ ಓಡಿತ್ತು ಎಂದು ನಮಗೆ ತಿಳಿಯುತ್ತದೆ. ಅವಳು ಹೆಸರು ಬರೆದಿಟ್ಟು ಹೋಗಿಲ್ಲ. ಆದರೆ ಅವಳ ಯೋಚನೆ ನಮ್ಮ ಬೆರಳಿಗೆ ಬರುತ್ತದೆ.

ಇದೇ ಹೊಲಿಗೆ 16ನೇ ಶತಮಾನದ ಇಂಗ್ಲೆಂಡಿನಲ್ಲೂ ಇತ್ತು. ಬಿಳಿ ಲಿನನ್ ಬಟ್ಟೆಯ ಮೇಲೆ ಕಪ್ಪು ರೇಷ್ಮೆ. ಅದನ್ನು ಈಗ ಬ್ಲ್ಯಾಕ್‌ವರ್ಕ್ ಅನ್ನುತ್ತಾರೆ. ಹಾನ್ಸ್ ಹೋಲ್ಬೈನ್ ಎಂಬ ಚಿತ್ರಕಾರ ಎಂಟನೇ ಹೆನ್ರಿಯ ಆಸ್ಥಾನದಲ್ಲಿದ್ದವರ ಚಿತ್ರ ಬರೆಯುವಾಗ ಅವರ ಅಂಗಿಯ ಕೈಪಟ್ಟಿಯ ಕಸೂತಿಯನ್ನು ಎಷ್ಟು ಕರಾರುವಾಕ್ಕಾಗಿ ಬರೆದ ಅಂದರೆ, ಆ ಹೊಲಿಗೆಗೆ ಆಮೇಲೆ ಅವನ ಹೆಸರೇ ಬಂತು. ಹೋಲ್ಬೈನ್ ಸ್ಟಿಚ್ ಅಂದರೆ ನಮ್ಮ ಗವಂತಿಯೇ. 1536ರ ಸುಮಾರಿಗೆ ಬರೆದ ರಾಣಿ ಜೇನ್ ಸೀಮೋರ್ ಚಿತ್ರ ವಿಯೆನ್ನಾದ ಮ್ಯೂಸಿಯಂನಲ್ಲಿದೆ. ಅವಳ ಕೈಪಟ್ಟಿಯನ್ನು ಹತ್ತಿರದಿಂದ ನೋಡಿ. ನೆರಿಗೆ ಹಿಡಿದ ಪಟ್ಟಿ. ಕೈ ಆಡಿಸಿದರೆ ಒಳಗಡೆಯೂ ಕಾಣುತ್ತದೆ, ಹೊರಗಡೆಯೂ ಕಾಣುತ್ತದೆ. ಅಂಥ ಜಾಗಕ್ಕೆ ಎರಡೂ ಬದಿ ಒಂದೇ ಥರ ಇರುವ ಹೊಲಿಗೆಯೇ ಬೇಕು ಅಲ್ವಾ? ಗಾಳಿಗೆ ಹಾರುವ ಸೀರೆಯ ಸೆರಗಿಗೂ ಅದೇ ಬೇಕು. ಎಲ್ಲಿಯ ಧಾರವಾಡ, ಎಲ್ಲಿಯ ಲಂಡನ್. ಎರಡು ಕಡೆಯೂ ಬಟ್ಟೆ ಕೇಳಿದ್ದು ಒಂದನ್ನೇ.

ಉಡುಗೊರೆಯ ಮಾತಿಗೆ ಬಂದರೆ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಹಿಮಾಚಲದ ಚಂಬಾ ರುಮಾಲು. ತೆಳ್ಳನೆಯ ಮಲ್ ಬಟ್ಟೆ, ಅದರ ಮೇಲೆ ಹುರಿ ಹಾಕದ ರೇಷ್ಮೆ. ಪಹಾಡಿ ಚಿತ್ರಕಾರರು ಇದ್ದಿಲಿನಲ್ಲಿ ಕೃಷ್ಣನ ರಾಸಮಂಡಲದಂಥ ಚಿತ್ರ ಬರೆದುಕೊಡುತ್ತಿದ್ದರು. ಹೆಂಗಸರು ಅದನ್ನು ರೇಷ್ಮೆಯಿಂದ ತುಂಬುತ್ತಿದ್ದರು. ಅದನ್ನು ದೊರುಖಾ ಅನ್ನುತ್ತಾರೆ, ಎರಡು ಮುಖದ ಕೆಲಸ. ಎರಡೂ ಬದಿಯಲ್ಲಿ ಚಿತ್ರ ಒಂದೇ, ಗಂಟು ಎಲ್ಲೂ ಇಲ್ಲ. ಯಾತಕ್ಕೆ ಇಷ್ಟು ಕಷ್ಟ? ಅದು ಮುಚ್ಚುವ ಬಟ್ಟೆ. ಮದುವೆಯಲ್ಲಿ ಗಂಡಿನ ಮನೆಗೂ ಹೆಣ್ಣಿನ ಮನೆಗೂ ನಡುವೆ ಹೋಗಿಬರುವ ತಟ್ಟೆಗಳ ಮೇಲೆ, ದೇವರಿಗೆ ಒಪ್ಪಿಸುವ ಕಾಣಿಕೆಯ ಮೇಲೆ ಅದನ್ನು ಹೊದಿಸುತ್ತಿದ್ದರು. ತಟ್ಟೆ ಪಡೆದವರು ಬಟ್ಟೆಯ ಅಂಚು ಹಿಡಿದು ಎತ್ತುತ್ತಾರೆ. ಎತ್ತಿದ ತಕ್ಷಣ ಹಿಂಬದಿ ಕಾಣುತ್ತದೆ. ಆ ಒಂದು ಗಳಿಗೆಗಾಗಿ ಹಿಂಬದಿಯನ್ನೂ ಅಷ್ಟೇ ಚಂದ ಮಾಡಿದ್ದಾರೆ. ತಟ್ಟೆಯೊಳಗೆ ಏನಿತ್ತೋ, ಅದು ಖರ್ಚಾಗಿ ಹೋಯಿತು. ಮುಚ್ಚಿದ ಬಟ್ಟೆ ಮಾತ್ರ ಇವತ್ತಿಗೂ ಮ್ಯೂಸಿಯಂಗಳಲ್ಲಿ ಉಳಿದಿದೆ.

ಎರಡು ಬದಿ ಒಂದೇ ಇರಬೇಕು ಎಂಬ ನಿಯಮ ಎಲ್ಲ ಕಡೆ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಪಂಜಾಬಿನ ಫುಲ್ಕಾರಿಯನ್ನು ಒರಟು ಖದ್ದರಿನ ಮೇಲೆ, ಹಿಂಬದಿಯಿಂದ ಎಳೆ ಎಣಿಸಿ ಹಾಕುತ್ತಾರೆ. ರೇಷ್ಮೆ ದುಬಾರಿ. ಅದಕ್ಕೇ ಉದ್ದುದ್ದ ಹೊಲಿಗೆಯೆಲ್ಲ ಮುಂಬದಿಗೆ, ಹಿಂದೆ ಸಣ್ಣ ಚುಕ್ಕೆ ಮಾತ್ರ. ಫ್ರಾನ್ಸಿನ ಬಾಯೂ ಊರಿನ 11ನೇ ಶತಮಾನದ ಉದ್ದನೆಯ ಬಟ್ಟೆಯದೂ ಇದೇ ಉಪಾಯ. ಹತ್ತಿರ ಹತ್ತಿರ 70 ಮೀಟರ್ ಉದ್ದ, ಲಿನನ್ ಮೇಲೆ ಉಣ್ಣೆ. ನೂಲನ್ನು ಬಟ್ಟೆಯ ಮೇಲೆ ಹಾಸಿ, ಅಡ್ಡ ಎಳೆ ಇಟ್ಟು, ಪುಟ್ಟ ಹೊಲಿಗೆಗಳಿಂದ ಹಿಡಿಸಿದ್ದಾರೆ. ಹಿಂದಕ್ಕೆ ಹೋಗುವ ಉಣ್ಣೆ ತೀರಾ ಕಡಿಮೆ. ಬಂಗಾಳದ ಕಾಂಥಾದಲ್ಲಿ ಹಳೆಯ ಸೀರೆ, ಪಂಚೆಗಳನ್ನು ಒಂದರ ಮೇಲೊಂದು ಹಾಸಿ ಸಾದಾ ಹೊಲಿಗೆ ಹಾಕುತ್ತಾರೆ. ಹುಟ್ಟಿದ ಮಗುವಿಗೆ ಬೆಚ್ಚಗಿರಲಿ, ಮೆತ್ತಗಿರಲಿ ಅಂತ. ನಮ್ಮ ಉತ್ತರ ಕರ್ನಾಟಕದ ಕೌದಿ ಅದರ ಅಕ್ಕನೋ ತಂಗಿಯೋ ಆಗಬೇಕು.

ಜರಿ ಕೆಲಸದ ಬಗ್ಗೆ ತುಂಬಾ ಜನ ಕೇಳಿದ್ದೀರಿ. ಅಲ್ಲೂ ಇದೇ ತರ್ಕ. ಜರಿಯನ್ನು ಬಟ್ಟೆಯೊಳಗೆ ಎಳೆದೆಳೆದು ಹೊಲಿದರೆ ಅದರ ಮೇಲಿನ ಲೋಹ ಬಿಚ್ಚಿಕೊಂಡು ಬರುತ್ತದೆ. ಜೊತೆಗೆ, ಬೆಲೆ ಬಾಳುವ ಜರಿ ಯಾರಿಗೂ ಕಾಣದ ಹಿಂಬದಿಗೆ ಯಾಕೆ ಹೋಗಬೇಕು? ಹಾಗಾಗಿ ಜರಿಯನ್ನು ಬಟ್ಟೆಯ ಮೇಲೆ ಮಲಗಿಸಿ, ತೆಳು ರೇಷ್ಮೆ ದಾರದಿಂದ ಅಲ್ಲಲ್ಲಿ ಕಟ್ಟುತ್ತಾ ಹೋಗುತ್ತಾರೆ. ಜರ್ದೋಸಿಯಲ್ಲೂ ಹೀಗೆಯೇ, ಯುರೋಪಿನ ಚರ್ಚುಗಳ ಹಳೆಯ ವಸ್ತ್ರಗಳಲ್ಲೂ ಹೀಗೆಯೇ. ಕುಶಾಲನಗರ ದಾಟಿ ಟಿಬೆಟಿಯನ್ನರು ನೆಲೆಸಿರುವ ಬೈಲುಕುಪ್ಪೆಗೆ ನೀವೆಲ್ಲ ಹೋಗಿರುತ್ತೀರಿ. ಅವರಲ್ಲಿ ರೇಷ್ಮೆ ತುಂಡುಗಳನ್ನು ಜೋಡಿಸಿ ಮಾಡುವ ಥಾಂಕಾ, ಅಂದರೆ ಧಾರ್ಮಿಕ ಚಿತ್ರಪಟ, ಒಂದಿದೆ. ಅದರ ಗೆರೆಗಳಿಗೆ ಕುದುರೆ ಕೂದಲಿಗೆ ರೇಷ್ಮೆ ಸುತ್ತಿ ಹುರಿ ಮಾಡಿ, ಆ ಹುರಿಯನ್ನು ಬಟ್ಟೆಯ ಮೇಲೆ ಇಟ್ಟು ಕಟ್ಟುತ್ತಾರೆ. ಗೆರೆ ಉಬ್ಬಿ ನಿಲ್ಲುತ್ತದೆ, ದೂರದಿಂದಲೂ ಕಾಣುತ್ತದೆ. ದೊಡ್ಡ ಸಭೆಯಲ್ಲಿ ದೂರ ನಿಂತವರಿಗೆ ಕಾಣಲೆಂದು ಮಾಡಿದ ಚಿತ್ರಕ್ಕೆ ಅಂಥ ಗೆರೆಯೇ ಸರಿ.

ಇನ್ನು ನಮ್ಮ ಮನೆಯ ವಿಷಯ. ಕೊಡವ ಗಂಡಸರ ನಿಲುವಂಗಿಯಾದ ಕುಪ್ಯದ ಮೇಲೆ ಕಟ್ಟುವ ಕೆಂಪು ರೇಷ್ಮೆಯ ಚೇಲೆಯನ್ನು ನೋಡದವರು ಇಲ್ಲಿ ಯಾರೂ ಇಲ್ಲ. ಅದು ಬರೀ ಅಲಂಕಾರಕ್ಕೆ ಇರುವ ಬಟ್ಟೆಯಲ್ಲ. ಸೊಂಟಕ್ಕೆ ಬಿಗಿಯಾಗಿ ಸುತ್ತಬೇಕು, ಪೀಚೆಕತ್ತಿ ಅದರಲ್ಲಿ ಜಾರದೆ ನಿಲ್ಲಬೇಕು. ಸುತ್ತಿ ಬಿಗಿದ ಭಾಗದಲ್ಲಿ ಉಬ್ಬಿದ ಕೆಲಸ ಇದ್ದರೆ ಉಜ್ಜಿ ಹಾಳಾಗುತ್ತದೆ. ಜರಿಯ ಅಂದವೆಲ್ಲ ತುದಿಗೆ ಸೇರಿದರೆ ಕಟ್ಟುವುದಕ್ಕೂ ಸುಲಭ, ನೋಡುವುದಕ್ಕೂ ಚಂದ. ಮನೆಯಲ್ಲಿ ಅಜ್ಜನ ಕಾಲದ ಚೇಲೆ ಇದ್ದರೆ ತೆಗೆದು ನೋಡಿ. ಎಲ್ಲಿ ಸವೆದಿದೆ, ಎಲ್ಲಿ ಬಣ್ಣ ಉಳಿದಿದೆ, ಎಲ್ಲಿ ಮಡಿಕೆಯ ಗೆರೆ ಬಿದ್ದಿದೆ ಎಂದು ಬರೆದುಕೊಳ್ಳಿ. ಫೋಟೊ ತೆಗೆದುಕೊಳ್ಳಿ. ಆದರೆ ದಯವಿಟ್ಟು ಅದನ್ನು ಕತ್ತರಿಸಿ ಪರ್ಸು, ಕುಶನ್ ಕವರ್ ಮಾಡಬೇಡಿ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಹಳೆಯ ಬಟ್ಟೆಯನ್ನು ನೋಡಿ ಕಲಿತು ಹೊಸ ಬಟ್ಟೆಯಲ್ಲಿ ಮಾಡುವುದಕ್ಕೇ ನಾವು ಇಲ್ಲಿ ಸೇರಿರುವುದು. ಒಮ್ಮೆ ಕತ್ತರಿ ಬಿದ್ದರೆ ಆ ಬಟ್ಟೆಯಿಂದ ಮುಂದಿನವರು ಕಲಿಯಬಹುದಾಗಿದ್ದೆಲ್ಲ ಹೋಯಿತು.

ಈಗ ಒಬ್ಬ ಹುಡುಗಿಯ ಕಥೆ. 1544ರ ಡಿಸೆಂಬರ್. ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್‌ಗೆ ಆಗ 11 ವರ್ಷ. ಹೊಸ ವರ್ಷಕ್ಕೆ ತನ್ನ ಮಲತಾಯಿ ಕ್ಯಾಥರೀನ್ ಪಾರ್‌ಗೆ ಏನಾದರೂ ಕೊಡಬೇಕಿತ್ತು. ಫ್ರೆಂಚ್ ಭಾಷೆಯ ಒಂದು ಭಕ್ತಿಕಾವ್ಯವನ್ನು ಇಂಗ್ಲಿಷಿಗೆ ತಂದು, ತನ್ನ ಕೈಯಿಂದಲೇ ಬರೆದು ಪುಸ್ತಕ ಮಾಡಿದಳು. ಅದಕ್ಕೆ ನೀಲಿ ರೇಷ್ಮೆಯ ಹೊದಿಕೆ. ಮೇಲೆ ಚಿನ್ನ, ಬೆಳ್ಳಿಯ ದಾರದ ಹೆಣಿಗೆ. ನಡುವೆ ತಾಯಿಯ ಹೆಸರಿನ ಎರಡು ಅಕ್ಷರ. ನಾಲ್ಕು ಮೂಲೆಗೆ ಪ್ಯಾನ್ಸಿ ಹೂವು. ಹೊದಿಕೆಯನ್ನೂ ಅವಳೇ ಹೊಲಿದಳು ಎಂದು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ. ಪುಸ್ತಕ ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಲೈಬ್ರರಿಯಲ್ಲಿದೆ. 14 ವರ್ಷ ಕಳೆದು ಆ ಹುಡುಗಿ ರಾಣಿಯಾದಳು. ಆದರೆ ಆ ಹೊದಿಕೆಯಲ್ಲಿ ನನಗೆ ಕಾಣುವುದು ರಾಜಮನೆತನದ ವೈಭವ ಅಲ್ಲ. ತಾಯಿ ಓದುತ್ತಾಳೆ, ಪುಸ್ತಕ ಅವಳ ಕೈಯಲ್ಲಿ ಇರುತ್ತದೆ, ಅವಳ ಹೆಸರಿನ ಅಕ್ಷರ ಅವಳಿಗೆ ಕಾಣಬೇಕು. ಇಷ್ಟು ಯೋಚನೆ ಮಾಡಿದ್ದಾಳೆ. ಯಾರಿಗೆ, ಯಾತಕ್ಕೆ ಎರಡೂ ಅದರಲ್ಲಿವೆ.

ನಾವೂ ಅಲ್ಲಿಂದಲೇ ಶುರು ಮಾಡಬಹುದು. ಕೊಡುವುದು ಯಾರಿಗೆ ಎಂದು ಮೊದಲು ಗಟ್ಟಿ ಮಾಡಿಕೊಳ್ಳಿ. ಓದುವ ಮಾವನಿಗೆ ಪುಟದ ಗುರುತಿಗೆ ಇಡುವ ಪುಸ್ತಕದ ಪಟ್ಟಿ. ಕನ್ನಡಕ ಎಲ್ಲೆಂದರಲ್ಲಿ ಇಟ್ಟು ಹುಡುಕುವ ಅತ್ತೆಗೆ ಕನ್ನಡಕದ ಚೀಲ. ಹೊಲಿಗೆ ಬರುವ ಗೆಳತಿಗೆ ಸೂಜಿ ಚುಚ್ಚಿಡುವ ಪುಟ್ಟ ಬಟ್ಟೆ ಪುಸ್ತಕ. ಮದುವೆ ಮನೆಗೆ ಹರಿವಾಣ ಮುಚ್ಚುವ ಬಟ್ಟೆ. ಚಂಬಾದವರ ಯೋಚನೆ, ಕಸೂತಿಯ ಗವಂತಿ, ಎರಡೂ ಅದರಲ್ಲಿ ಸೇರುತ್ತವೆ. ಕಾವೇರಿ ಸಂಕ್ರಮಣದಲ್ಲಿ ಕಣಿ ಇಡುವ ಮನೆಗಳಲ್ಲಿ ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಉಡಿಸಿ, ಒಡವೆ ತೊಡಿಸಿ ಕಾವೇರಮ್ಮ ಎಂದು ಪೂಜೆ ಮಾಡುತ್ತಾರೆ. ಆ ಕೆಂಪು ತುಂಡಿನ ಅಂಚಿಗೆ ಒಂದು ಸಾಲು ಕೆಲಸ ಹಾಕಿ ಅಮ್ಮನಿಗೆ ಕೊಡಿ. ಪ್ರತಿ ವರ್ಷ ಅಕ್ಟೋಬರಿನಲ್ಲಿ ಪೆಟ್ಟಿಗೆಯಿಂದ ಅದು ಹೊರಗೆ ಬರುತ್ತದೆ. ಗೋಡೆಗೆ ತೂಗುಹಾಕುವ ಫ್ರೇಮುಗಳ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ಬೆಳಕಿಗೆ ಬಣ್ಣ ಮಂಕಾಗುತ್ತದೆ, ಯಾರೂ ಮುಟ್ಟುವುದಿಲ್ಲ, ಹಿಂಬದಿ ಯಾವತ್ತೂ ಕಾಣುವುದಿಲ್ಲ.

ಸಮಯದ ಲೆಕ್ಕ ಕೊಡಗಿನ ಕ್ಯಾಲೆಂಡರಿನ ಪ್ರಕಾರವೇ ಹಾಕಿಕೊಳ್ಳಿ. ನಾಟಿ ಮುಗಿದು ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಬರುವ ಹೊತ್ತಿಗೆ ಕೈ ಸ್ವಲ್ಪ ಬಿಡುವಾಗುತ್ತದೆ. ಅಲ್ಲಿಂದ ಸುಗ್ಗಿ ಹಬ್ಬ ಪುತ್ತರಿವರೆಗೆ ಸಂಜೆಗಳು ನಿಮ್ಮವು. ಆಮೇಲೆ ಕಾಫಿ ಕೊಯ್ಲು ಶುರುವಾದರೆ ಯಾರಿಗೂ ಸೂಜಿ ಹಿಡಿಯಲು ಆಗುವುದಿಲ್ಲ. ಆದ್ದರಿಂದ ಪುತ್ತರಿಗೆ ಕೊಡುವ ಉಡುಗೊರೆ ಚಿಕ್ಕದಾಗಿರಲಿ. ಚಿಕ್ಕದು ಮುಗಿಯುತ್ತದೆ. ಅರ್ಧಕ್ಕೆ ನಿಂತ ದೊಡ್ಡ ಬಟ್ಟೆ ಯಾರ ಕೈಗೂ ಹೋಗುವುದಿಲ್ಲ.

ಕೊಡಗು ಅಂದರೆ ಮಳೆ, ಅದನ್ನು ಸುಮ್ನೆ ದಾಟಿ ಹೋಗಲು ಆಗುವುದಿಲ್ಲ. ನಮ್ಮ ಊರಿನಲ್ಲಿ ಕಸೂತಿಗೆ ದೊಡ್ಡ ಶತ್ರು ತೇವ. ಕೆಲಸ ನಿಲ್ಲಿಸಿ ಏಳುವಾಗ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿ ಇಡಬೇಡಿ. ಜೂನ್, ಜುಲೈ ತಿಂಗಳಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕಿನ ಕಲೆ ಸಾಮಾನ್ಯ ಸೋಪಿಗೆ ಹೋಗುವುದಿಲ್ಲ. ಬಟ್ಟೆ ಬಿಗಿಯುವ ರಿಂಗ್ ಕೂಡ ರಾತ್ರಿ ಬಿಚ್ಚಿಡಿ, ಇಲ್ಲದಿದ್ದರೆ ಅದರ ಗುರುತು ಬಟ್ಟೆಯಲ್ಲಿ ಕೂತುಬಿಡುತ್ತದೆ. ಮುಗಿದ ಕೆಲಸವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಿಗಿದರೆ ತೇವ ಒಳಗೇ ಸಿಕ್ಕಿಹಾಕಿಕೊಂಡು ಬೂಷ್ಟು ಬರುತ್ತದೆ. ತೊಳೆದ ಬಿಳಿ ಮಲ್ ಬಟ್ಟೆಯಲ್ಲಿ ಸುತ್ತಿಡಿ. ಮಡಿಸುವ ಬದಲು ಸುರುಳಿ ಮಾಡಿ. ಮಡಿಕೆ ಬಿದ್ದ ಜಾಗದಲ್ಲೇ ರೇಷ್ಮೆ ಮೊದಲು ಒಡೆಯುವುದು. ಮಳೆ ಬಿಟ್ಟ ದಿನ ನೆರಳಿನಲ್ಲಿ ಗಾಳಿಗೆ ಹಾಕಿ. ಜರಿ ಕೆಲಸ ಇದ್ದರೆ ರಬ್ಬರ್ ಬ್ಯಾಂಡ್ ಹತ್ತಿರಕ್ಕೂ ಬರಬಾರದು. ರಬ್ಬರಿನಲ್ಲಿರುವ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ಕೆಂಪು ದಾರದ ಬಗ್ಗೆಯೂ ಒಂದು ಮಾತು. ನಮಗೆಲ್ಲ ಕೆಂಪು ಬೇಕು. ಆದರೆ ಬಣ್ಣ ಬಿಡುವುದರಲ್ಲಿ ಅದೇ ಮುಂದು. ಹೊಸ ಲಚ್ಚಿ ತಂದ ತಕ್ಷಣ ಒಂದು ತುಂಡು ದಾರ ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಆ ದಾರ ಬೇಡ. ಹಳೆಯ ಕೆಲಸದ ಹಾಗೆ ಕಾಣಬೇಕು ಅಂದರೆ ಬಣ್ಣ ಕಡಿಮೆ ಮಾಡಿ. ಬಾಯೂ ಬಟ್ಟೆಯಲ್ಲಿರುವ ಸುಮಾರು ಹತ್ತು ಬಣ್ಣ ಬಂದದ್ದು ಮೂರೇ ಗಿಡಗಳಿಂದ. ಮಂಜಿಷ್ಠದ ಜಾತಿಯ ಬೇರಿನಿಂದ ಕೆಂಪು, ವೆಲ್ಡ್ ಗಿಡದಿಂದ ಹಳದಿ, ವೋಡ್ ಎಲೆಯಿಂದ ನೀಲಿ. ಉಳಿದವೆಲ್ಲ ಇವುಗಳ ಮೇಲೆ ಇವನ್ನೇ ಅದ್ದಿ ಪಡೆದವು. ಅಂಗಡಿಯ ದಾರದಲ್ಲೂ ನೀವು ಒಂದು ಕೆಂಪು, ಒಂದು ನೀಲಿ, ಒಂದು ಹಳದಿಗೆ ನಿಂತರೆ ಕೆಲಸಕ್ಕೆ ತಾನಾಗಿ ಹಳೆಯ ಗಾಂಭೀರ್ಯ ಬರುತ್ತದೆ.

ಹಳೆಯದರಂತೆ ಕಾಣಲಿ ಎಂದು ಬಟ್ಟೆಯನ್ನು ಚಹಾದಲ್ಲಿ ಅದ್ದುವ ಅಭ್ಯಾಸ ಕೆಲವರಿಗಿದೆ. ನಾನು ಅದಕ್ಕೆ ವಿರುದ್ಧ. ಶೈಲಿ ಹಳೆಯದಿರಲಿ, ಬಟ್ಟೆಗೆ ಸುಳ್ಳು ವಯಸ್ಸು ಬೇಡ. ಒಂದು ಮೂಲೆಯಲ್ಲಿ ನಿಮ್ಮ ಹೆಸರಿನ ಮೊದಲ ಅಕ್ಷರ ಮತ್ತು ಮಾಡಿದ ವರ್ಷವನ್ನು ದಾರದಲ್ಲೇ ಬರೆಯಿರಿ. ಐವತ್ತು ವರ್ಷದ ನಂತರ ಯಾರ ಕೈಗಾದರೂ ಅದು ಸಿಕ್ಕರೆ ಅವರಿಗೆ ಗೊಂದಲ ಆಗಬಾರದು. ಜೊತೆಗೆ ಒಂದು ಚೀಟಿ ಇಡಿ. ಯಾವ ಬಟ್ಟೆ, ಯಾವ ದಾರ, ತೊಳೆಯುವುದು ಹೇಗೆ ಎಂದು ನಾಲ್ಕು ಸಾಲು. ತೊಳೆಯಲು ಹೆದರಿ ಬೀರುವಿನೊಳಗೆ ಇಟ್ಟುಬಿಡುವವರೇ ಜಾಸ್ತಿ. ಚೀಟಿ ಇದ್ದರೆ ಅವರು ಬಳಸುತ್ತಾರೆ.

ಮಾರಬಹುದಾ ಎಂದು ಅಲ್ಲಿ ಹಿಂದೆ ಕೂತವರು ಕೇಳಿದರು. ಖಂಡಿತ ಮಾರಬಹುದು. ಆದರೆ ಹಾಕಿದ ಗಂಟೆಗಳನ್ನು ಬರೆದಿಟ್ಟು, ಅದಕ್ಕೆ ಕೂಲಿ ಹಿಡಿದೇ ಬೆಲೆ ಹೇಳಿ. ಹವ್ಯಾಸ ಅಂತ ಹೇಳಿ ದಾರದ ದುಡ್ಡಿಗೆ ಕೊಟ್ಟರೆ, ಇದನ್ನೇ ನಂಬಿ ಬದುಕುವ ಧಾರವಾಡದ, ಸಂಡೂರಿನ ಹೆಂಗಸರ ಕೆಲಸದ ಬೆಲೆಯನ್ನೂ ನಾವು ಇಳಿಸಿದಂತಾಗುತ್ತದೆ. ಧಾರವಾಡದ ಕಸೂತಿಗೂ ಸಂಡೂರಿನ ಲಂಬಾಣಿ ಕಸೂತಿಗೂ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅವರ ಹೊಲಿಗೆ ಕಲಿತು ಮಾಡಿದ್ದನ್ನು ಅವರ ಹೆಸರಿನಲ್ಲಿ ಮಾರಬಾರದು. "ಕಸೂತಿ ನೋಡಿ ಕಲಿತು ಕೊಡಗಿನಲ್ಲಿ ಮಾಡಿದ್ದು" ಎಂದು ನೇರವಾಗಿ ಬರೆಯಿರಿ. ಕೊಳ್ಳುವವರು ಅದಕ್ಕೂ ಬೆಲೆ ಕೊಡುತ್ತಾರೆ.

ಈಗ ಕೈಗೆ ಕೆಲಸ. ಎಲ್ಲರ ಮುಂದೆಯೂ ಒಂದು ತುಂಡು ಮ್ಯಾಟಿ ಬಟ್ಟೆ ಇದೆ. ಒಂದು ಇಂಚಿಗೆ 14 ಚೌಕ. ಪುಸ್ತಕದ ಪಟ್ಟಿಗೆ ಅಗಲ ಎರಡು ಇಂಚು ಸಾಕು, ಅಂದರೆ 28 ಚೌಕ. ಸುತ್ತ ಅಂಚು ಮಡಿಸಲು ಅರ್ಧ ಇಂಚು ಬಿಡಿ. ಸೂಜಿ 24ನೇ ನಂಬರಿನದು, ಮೊಂಡು ತುದಿ. ಎಳೆಯನ್ನು ಸೀಳುವುದಿಲ್ಲ, ತೂತು ಹುಡುಕಿಕೊಂಡು ಹೋಗುತ್ತದೆ. ಲಚ್ಚಿಯ ದಾರದಲ್ಲಿ ಆರು ಎಳೆ ಇರುತ್ತದೆ. ಮೊಣಕೈ ಉದ್ದಕ್ಕೆ ಕತ್ತರಿಸಿ, ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಎರಡನ್ನು ಮತ್ತೆ ಜೋಡಿಸಿಕೊಳ್ಳಿ. ಹೀಗೆ ಬಿಡಿಸಿ ಜೋಡಿಸಿದರೆ ದಾರ ಸಿಕ್ಕಾಗುವುದು ಕಡಿಮೆ. ಗಂಟು ಹಾಕಬೇಡಿ, ನಾಲ್ಕು ಬೆರಳಿನಷ್ಟು ತುದಿ ಹಿಂದೆ ಬಿಡಿ. ಮೊದಲು ಒಂದು ನೇರ ಗೆರೆ, ಹತ್ತು ಹೊಲಿಗೆ, ಹೋಗಿ ಬನ್ನಿ. ಆಮೇಲೆ ನಡುವೆ ಒಂದು ಕವಲು. ಕಿಟಕಿ ಹತ್ತಿರ ಕೂತವರು ಸ್ವಲ್ಪ ಸರಿದು ಜಾಗ ಕೊಡಿ. ಸಂಜೆಯಾಗುವ ಮೊದಲು ಇರುವ ಬೆಳಕು ಎಲ್ಲರಿಗೂ ಸಿಗಲಿ.